ವಿಮಾನಕ್ಕೆ ಕಾಲಂ ಇಲ್ಲದ ರಿಜಿಸ್ಟರು

ನಾನು ನಿವೃತ್ತಳಾದ ದಿನ ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೈಗಿಟ್ಟು, "ಮಂಗಳಮ್ಮನವರು ಶಿಸ್ತಿನ ಸಿಬ್ಬಂದಿ, ಎಂದೂ ನಿಯಮ ಮೀರಿದವರಲ್ಲ" ಎಂದು ಭಾಷಣ ಮಾಡಿದರು. ಆ ಮಾತು ಕೇಳಿ ನನಗೆ ಮೈ ಉರಿಯಿತು. ನನ್ನ ಇಡೀ ನೌಕರಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಮೀರಲೇಬೇಕಿದ್ದ ದಿನ ನಿಯಮ ಮೀರದೆ ಇದ್ದದ್ದು. ಅಲ್ಲಿ ಕೂತಿದ್ದ ನಾಲ್ಕೈದು ಜನಕ್ಕಾದರೂ ಅದು ಗೊತ್ತಿತ್ತು, ಗೊತ್ತಿದ್ದೂ ಚಪ್ಪಾಳೆ ತಟ್ಟಿದರು. ಹವಾಮಾನದ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ನಾನು ಮದ್ದೂರು ತಾಲ್ಲೂಕಿನ ಕೊಪ್ಪದವಳು. ಬಿ.ಎಸ್ಸಿ. ಮುಗಿಸಿ ಮೊದಲು ಸೇರಿದ್ದು ಒಂದು ವಿಮಾನ ನಿಲ್ದಾಣದ ಪಕ್ಕದ ವೀಕ್ಷಣಾಲಯಕ್ಕೆ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಂದು ಸಂಜೆ ಒಂದು, ಆಳೆತ್ತರದ ಬಲೂನಿಗೆ ಗ್ಯಾಸ್ ತುಂಬಿ, ಅದರ ಬಾಲಕ್ಕೆ ಒಂದು ಪುಟ್ಟ ಯಂತ್ರ ಕಟ್ಟಿ ಹಾರಿಬಿಡುವುದು ನಮ್ಮ ಕೆಲಸ. ಮೇಲೆ ಹೋಗುತ್ತ ಹೋಗುತ್ತ ಅದು ಅಲ್ಲಲ್ಲಿನ ಬಿಸಿ, ತೇವ, ಗಾಳಿಯ ದಿಕ್ಕು ಎಲ್ಲ ಕಳಿಸುತ್ತದೆ. ಅದನ್ನು ಬರೆದುಕೊಂಡು ನಾವು ಊರೂರಿಗೆ ರವಾನಿಸಬೇಕು. "ಹೆಂಗಸರ ಕೈಲಿ ಬಲೂನ್ ನಿಲ್ಲುತ್ತೇನ್ರೀ" ಎಂದು ನಕ್ಕವರು ಬೇಕಾದಷ್ಟು ಜನ. ಗಾಳಿ ಜೋರಾದಾಗ ಗಂಡಸರ ಕೈಯಲ್ಲೂ ಅದು ನಿಲ್ಲುತ್ತಿರಲಿಲ್ಲ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸೇರಿದ ಹೊಸದರಲ್ಲೇ ನಾನೊಂದು ಎಡವಟ್ಟು ಮಾಡಿದೆ. ನೀರು ಹೆಪ್ಪುಗಟ್ಟುವಷ್ಟು ಎತ್ತರದ ಒಂದು ಲೆಕ್ಕದಲ್ಲಿ ಮೈನಸ್ ಗುರುತು ಹಾಕುವುದನ್ನು ಮರೆತುಬಿಟ್ಟೆ. ಅದು ಹಾಗೇ ಹೋಯಿತು. ನಮ್ಮ ಹಿರಿಯರು ರಂಗಸ್ವಾಮಿ ಎಂದು, ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಕಾಗದ ನೋಡಿ, "ಏನಮ್ಮಾ, ಮ್ಯಾಲೆ ಯಾರಾದ್ರೂ ಒಲೆ ಹಚ್ಚವ್ರಾ?" ಎಂದರು. ನಾನು ತಿದ್ದಿ ಸುಮ್ಮನಾಗಲು ಹೋದರೆ ಬಿಡಲಿಲ್ಲ. ಆ ಲೆಕ್ಕ ಎಲ್ಲೆಲ್ಲಿಗೆ ಹೋಗಿತ್ತೋ ಅಲ್ಲಿಗೆಲ್ಲ ನನ್ನ ಕೈಲೇ ಫೋನ್ ಮಾಡಿಸಿ, "ಕೊಪ್ಪದ ಮಂಗಳ ಮಾತಾಡ್ತಿರೋದು, ಬೆಳಿಗ್ಗೆ ಕಳಿಸಿದ್ದು ತಪ್ಪು, ತಪ್ಪು ನನ್ನದು" ಎಂದು ಹೇಳಿಸಿದರು. ಆ ದಿನ ಅವರನ್ನು ಮನಸ್ಸಿನಲ್ಲಿ ಚೆನ್ನಾಗಿ ಬೈದುಕೊಂಡೆ. ಈಗ ಯೋಚಿಸಿದರೆ, ಆಮೇಲೆ ಸಿಕ್ಕ ಮೇಲಧಿಕಾರಿಗಳಲ್ಲಿ ಒಬ್ಬರೂ ಹಾಗೆ ಮಾಡಿಸಲಿಲ್ಲ.

ಬಲೂನಿನ ಕಷ್ಟವೆಂದರೆ ಬೆಳಿಗ್ಗೆ ಒಂದು ಹಾರಿದರೆ ಸಂಜೆಯವರೆಗೆ ಮೇಲೇನಾಗುತ್ತಿದೆ ಎಂದು ಯಾರಿಗೂ ತಿಳಿಯದು. ಮಳೆ ಬರುವುದು ಬಿಡುವುದು ಹೆಚ್ಚಾಗಿ ತೀರ್ಮಾನವಾಗುವುದೇ ಆ ನಡುವೆ. ಆ ಕತ್ತಲನ್ನು ಹೋಗಲಾಡಿಸಿದ್ದು ವಿಮಾನಗಳು. ಮೊದಲು ಪೈಲಟ್‌ಗಳು ರೇಡಿಯೋದಲ್ಲಿ ಬಾಯಲ್ಲಿ ಹೇಳುತ್ತಿದ್ದರು, ಅವರಿಗೆ ಪುರುಸೊತ್ತಿದ್ದರೆ ಹೇಳಿದರು, ಇಲ್ಲದಿದ್ದರೆ ಇಲ್ಲ. ಆಮೇಲೆ ವಿಮಾನಗಳೇ ತಾವಾಗಿ ಕಳಿಸುವ ಏರ್ಪಾಡು ಬಂತು. ಹೇಗೂ ವಿಮಾನದ ಮೂಗಿನ ಹತ್ತಿರ ಬಿಸಿ ಅಳೆಯುವ, ಗಾಳಿ ಅಳೆಯುವ ಸಲಕರಣೆ ಇರುತ್ತದೆ. ಏರುವಾಗ, ಇಳಿಯುವಾಗ ಎತ್ತರ ಎತ್ತರಕ್ಕೂ ಅದು ಅಳೆದದ್ದು ನೆಲಕ್ಕೆ ಬಂದು ಬೀಳುತ್ತದೆ. ಯಾರೂ ಬಲೂನು ಹಿಡಿದು ಓಡಬೇಕಿಲ್ಲ. ಇದನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ನನಗೆ ಆದ ಸಂತೋಷ ಹೇಳತೀರದು. ಗಂಟೆಗೊಂದು ಸಲ ಯಾರೋ ಮೇಲೆ ಹತ್ತಿ ಇಣುಕಿ ಬಂದು ಹೇಳಿದ ಹಾಗಿತ್ತು.

ಅದೇ ಸಂತೋಷದಲ್ಲಿ ನಾನು ಮಂಡ್ಯಕ್ಕೆ ಬಂದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರಿಗೆ ದಿನಾ ಹವಾಮಾನ ವರದಿ ಬರೆಯುವ ಒಂದು ಪುಟ್ಟ ಕಚೇರಿ. ಹೆಸರು ಬೇಡ, ಅದರ ಮೇಲೆ ನನಗೆ ಹಗೆಯಿಲ್ಲ. ಹಗೆಯಿರುವುದು ಒಂದು ರಿಜಿಸ್ಟರಿನ ಮೇಲೆ.

ನೀಲಿ ರಟ್ಟಿನ ದಪ್ಪ ರಿಜಿಸ್ಟರು. ಬೆಳಗಿನ ಬಲೂನಿಗೆ ಒಂದು ಕಾಲಂ, ಸಂಜೆಯ ಬಲೂನಿಗೆ ಒಂದು, ಮಳೆ ಮಾಪಕಕ್ಕೆ ಮೂರು, ಕೊನೆಯಲ್ಲಿ ಷರಾ. ಇದರಲ್ಲಿ ಬರೆದದ್ದನ್ನು ನೋಡಿ ವರದಿ ತಯಾರಿಸಬೇಕು, ಮಧ್ಯಾಹ್ನ ಹನ್ನೆರಡಕ್ಕೆ ಮೊದಲು ಸಾಹೇಬರ ಒಪ್ಪಿಗೆ ಪಡೆದು ನನ್ನ ಸಹಿ ಹಾಕಿ ಕಳಿಸಬೇಕು. ವಿಮಾನದ ಲೆಕ್ಕ ದಿನಾ ಬೆಳಗಿನಿಂದ ಕಂಪ್ಯೂಟರಿಗೆ ಬರುತ್ತಿತ್ತು, ಮೂಲೆಯ ಪ್ರಿಂಟರ್ ಅದನ್ನು ಹಾಳೆ ಹಾಳೆಯಾಗಿ ಉಗುಳುತ್ತಿತ್ತು. ರಿಜಿಸ್ಟರಿನಲ್ಲಿ ಅದಕ್ಕೆ ಜಾಗವಿಲ್ಲದ ಕಾರಣ ನನ್ನನ್ನು ಬಿಟ್ಟು ಯಾರೂ ಓದುತ್ತಿರಲಿಲ್ಲ. ನಾಲ್ಕು ಗಂಟೆಗೆ ವಡೆ ತರಿಸಿದಾಗ ಎಣ್ಣೆ ಒತ್ತಲು ಆ ಹಾಳೆಗಳು ಉಪಯೋಗಕ್ಕೆ ಬರುತ್ತಿದ್ದವು. ಮುಗಿಲಿನ ಗಾಳಿಯ ಲೆಕ್ಕದ ಮೇಲೆ ವಡೆ ಇಟ್ಟುಕೊಂಡು ನಾನೂ ತಿಂದಿದ್ದೇನೆ, ಸುಳ್ಳು ಹೇಳುವುದಿಲ್ಲ.

ನಾನು ಹೋಗಿ ಸಾಹೇಬರನ್ನು ಕೇಳಿದೆ. ಅವರು ಕೆಟ್ಟವರಲ್ಲ, ದೇವರಂಥ ಮನುಷ್ಯ ಎನ್ನುವವರೂ ಇದ್ದರು. "ಇದನ್ನ ನೋಡಿ ಬರೆಯೋಣ ಸಾರ್, ಬೆಳಗಿನ ಬಲೂನಿಗಿಂತ ಹೊಸದು" ಎಂದೆ.

"ಕಾಲಂ ಎಲ್ಲಿದೆ ಮಂಗಳಮ್ಮ?" ಎಂದರು. "ನಾಳೆ ತಪಾಸಣೆಗೆ ಬಂದೋರು ಕೇಳ್ತಾರೆ, ಯಾವ ಆಧಾರದ ಮೇಲೆ ವರದಿ ಬದಲಾಯಿಸಿದ್ರಿ ಅಂತ. ಏನು ತೋರಿಸ್ತೀರಿ? ವಿಮಾನ ತೋರಿಸ್ತೀರಾ?"

"ಕಾಲಂ ಹಾಕಿಸೋಣ ಸಾರ್."

"ನಮೂನೆ ಮೇಲಿನಿಂದ ಬರಬೇಕು. ಬರೆದು ಹಾಕಿ, ಕಳಿಸೋಣ."

ಬರೆದು ಹಾಕಿದೆ. ಒಂದಲ್ಲ, ನಾಲ್ಕು ಸಲ. ನಾಲ್ಕಕ್ಕೂ ಉತ್ತರ ಬರಲಿಲ್ಲ. ವರದಿಯಲ್ಲಿ ಮಾತ್ರ ನಮ್ಮ ಹಳೆಯ ಮಂತ್ರ ನಡೆದೇ ಇತ್ತು, "ಒಂದೆರಡು ಕಡೆ ಹಗುರ ಮಳೆಯ ಸಾಧ್ಯತೆ". ಮೂರು ತಾಲ್ಲೂಕಿನಲ್ಲಿ ಎಲ್ಲಿ ನಾಲ್ಕು ಹನಿ ಬಿದ್ದರೂ ಅದು ಸರಿ, ಎಲ್ಲೂ ಬೀಳದಿದ್ದರೂ ಸಾಧ್ಯತೆ ಎಂದಿತ್ತಲ್ಲ, ಅದೂ ಸರಿ. ಹೊಸಬರೇ, ಆ ವಾಕ್ಯ ನಿಮಗೂ ಕಲಿಸುತ್ತಾರೆ. ಅದನ್ನು ಬರೆಯುವಾಗಲೆಲ್ಲ ನಿಮಗೆ ಸ್ವಲ್ಪ ನಾಚಿಕೆಯಾದರೆ ನೀವು ಇನ್ನೂ ಕೆಲಸಕ್ಕೆ ಲಾಯಕ್ಕಾಗಿದ್ದೀರಿ ಎಂದು ತಿಳಿಯಿರಿ.

ಒಮ್ಮೆ ಭಾರತೀನಗರದಲ್ಲಿ ಕಬ್ಬು ಬೆಳೆಗಾರರ ಸಭೆಗೆ ನನ್ನನ್ನು ಕಳಿಸಿದರು. ನಾನು ಉತ್ಸಾಹದಿಂದ ವಿಮಾನದ ವಿಷಯ ವಿವರಿಸಿದೆ. ಕೇರಳದ ಕಡೆಗೆ ಹೋಗುವ ವಿಮಾನಗಳು ನಮ್ಮ ಹೊಲಗಳ ಮೇಲೇ ಹಾಯುತ್ತವೆ, ಹಾಯುತ್ತ ಹಾಯುತ್ತ ಗಾಳಿ ಅಳೆಯುತ್ತವೆ ಎಂದೆ. ಹಿಂದಿನ ಸಾಲಿನಿಂದ ಒಬ್ಬ ವಯಸ್ಸಾದ ರೈತರು ಎದ್ದು ನಿಂತರು.

"ಅಂಗಾರೆ ನಮ್ ನೆತ್ತಿ ಮ್ಯಾಲೆ ಓಗೋ ಇಮಾನಕ್ಕೆ ನಮ್ಮೂರ್ ಗಾಳಿ ಗೊತ್ತದೆ ಅನ್ನು."

"ಗೊತ್ತದೆ ಕಣಣ್ಣ."

"ಅದು ನಿಮ್ಗೂ ಯೋಳ್ತದೆ."

"ಹೇಳ್ತದೆ."

"ಮತ್ಯಾಕವ್ವ ನೀವು ನಮ್ಗೆ ಯೋಳಲ್ಲ?"

ಸಭೆಯೆಲ್ಲ ನಕ್ಕಿತು. ನಾನೂ ನಕ್ಕು, ನೀರು ಕುಡಿದು ಮುಂದಿನ ವಿಷಯಕ್ಕೆ ಹೋದೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕ ನಿಂಗಮ್ಮನನ್ನು ಮಳವಳ್ಳಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಭಾವ ತೀರಿಹೋದ ಮೇಲೆ ಹೊಲ ಮನೆ ಎಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು, ಯಾರಿಗೂ ಸೊಪ್ಪು ಹಾಕುವವಳಲ್ಲ. ಅವಳ ಹೊಲದಲ್ಲಿ ಬೆಳೆಯುವುದು ರಾಗಿ. ರಾಗಿಯನ್ನು ಕುಯ್ದ ಕೂಡಲೇ ಮನೆಗೆ ತರುವ ಹಾಗಿಲ್ಲ. ಹೊಲದಲ್ಲೇ ಸಾಲಾಗಿ ಹರಡಿ ಮೂರ್ನಾಲ್ಕು ದಿನ ಒಣಗಲು ಬಿಡಬೇಕು. ನಿಂತ ರಾಗಿ ಒಂದು ಮಳೆ ತಡೆಯುತ್ತದೆ, ಕುಯ್ದು ಮಲಗಿದ ರಾಗಿ ತಡೆಯುವುದಿಲ್ಲ. ಆ ಮೂರ್ನಾಲ್ಕು ದಿನದ ಮಾತೇ ವರ್ಷದ ಮಾತು.

ಕೆಲಸಕ್ಕೆ ಸೇರಿದ ದಿನದಿಂದ ನಾನೊಂದು ನೇಮ ಇಟ್ಟುಕೊಂಡಿದ್ದೆ. ವರದಿಯಲ್ಲಿ ಇರುವುದನ್ನು ಬಿಟ್ಟು ನೆಂಟರಿಗೆ ಬೇರೆ ಏನೂ ಹೇಳುವುದಿಲ್ಲ. ಊರಿಗೊಂದು, ಮನೆಯವರಿಗೊಂದು ಹೇಳುವುದು ಕಳ್ಳತನ ಎಂದು ನನ್ನ ಭಾವನೆ. ಇದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು, ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಅಕ್ಕನಿಗೂ ಗೊತ್ತಿತ್ತು. ಆದರೂ ಪ್ರತಿ ವರ್ಷ ಕುಯ್ಲಿಗೆ ಮೊದಲು ಅವಳು ನನಗೆ ಫೋನ್ ಮಾಡುವುದು ವಾಡಿಕೆ.

ಆ ವರ್ಷ ಕಾರ್ತಿಕ ಕಳೆದಿತ್ತು, ಚಳಿ ಶುರುವಾಗಿತ್ತು. ಬೆಳಗಿನ ಬಲೂನಿನ ಪ್ರಕಾರ ಈಶಾನ್ಯದಿಂದ ಒಣ ಗಾಳಿ. ಅದರ ಮೇಲೆ ಒಂದು ಬೆಚ್ಚಗಿನ ಪದರ, ಮೋಡ ಮೇಲೇಳದಂತೆ ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ ಕೂತಿತ್ತು. ಅದನ್ನೇ ನೋಡಿ "ಮುಂದಿನ ನಾಲ್ಕು ದಿನ ಒಣಹವೆ" ಎಂದು ವರದಿ ತಯಾರಾಯಿತು. ನಾನು ಅಭ್ಯಾಸದಂತೆ ಪ್ರಿಂಟರಿನ ಹಾಳೆ ತಿರುವಿದೆ. ಒಂಬತ್ತರ ವಿಮಾನದಲ್ಲಿ ಆ ಮುಚ್ಚಳ ತೆಳ್ಳಗಾಗಿತ್ತು. ಹತ್ತರದರಲ್ಲಿ ಕಾಣಲಿಲ್ಲ. ಹನ್ನೊಂದರ ವಿಮಾನದಲ್ಲಿ ಗಾಳಿ ತಿರುಗಿ, ಆಗ್ನೇಯದಿಂದ ತುಂಬ ಎತ್ತರದವರೆಗೂ ಜೋರಾಗಿ ಬೀಸುತ್ತಿತ್ತು. ಸಮುದ್ರದ ಕಡೆಯ ಗಾಳಿ, ತೇವ ಹೊತ್ತು ತರುವ ಗಾಳಿ. ನಾನು ಎರಡನೆಯ ವರದಿ ಬರೆದು ಸಾಹೇಬರ ಮುಂದಿಟ್ಟೆ, "ನಾಳೆಯಿಂದ ಮಳೆ, ಮಳವಳ್ಳಿ ಕಡೆ ಜೋರು, ರಾಗಿ ಕುಯ್ಲು ಮುಂದೂಡಿ" ಎಂದು.

ಅವರು ಗಡಿಯಾರ ನೋಡಿದರು, ರಿಜಿಸ್ಟರು ನೋಡಿದರು. "ಆಕಾಶ ಕನ್ನಡಿ ಇದ್ದಂಗಿದೆ ಮಂಗಳಮ್ಮ. ಕಾಲಂನಲ್ಲಿ ಒಣಹವೆ ಇದೆ. ಮೊದಲನೇದಕ್ಕೇ ಸಹಿ ಹಾಕಿ ಕಳಿಸಿ, ಸಂಜೆ ಬಲೂನು ನೋಡ್ಕಂಡು ನಾಳೆ ಬೇಕಾದ್ರೆ ಬದಲಾಯಿಸೋಣ" ಎಂದು ಊಟದ ಡಬ್ಬಿ ತೆಗೆದರು.

ನಾನು ವಾದ ಮಾಡಿದೆನೇ? ಎರಡು ಮಾತು ಆಡಿದೆ. ಆಮೇಲೆ ಸಹಿ ಹಾಕಿದೆ. ಇದು ನೆನಪಾದಾಗ ಸಾಹೇಬರ ಮೇಲೆ ಬರುವ ಸಿಟ್ಟಿಗಿಂತ ನನ್ನ ಬೆರಳಿನ ಮೇಲೆ ಬರುವ ಸಿಟ್ಟು ಹೆಚ್ಚು.

ಸಹಿಯ ಮಸಿ ಆರಿರಲಿಲ್ಲ, ಅಕ್ಕನ ಫೋನ್ ಬಂತು.

"ಮಂಗ್ಳಾ, ನಾಳೀಕೆ ಆಳು ಒಪ್ಸಿವ್ನಿ ಕಣವ್ವ. ಕುಯ್ಸ್‌ಬುಡ್ಲಾ? ಮಳೆ ಗಿಳೆ ಬತ್ತದಾ?"

ಹೇಳಬಹುದಿತ್ತು. ಒಂದೇ ಒಂದು ಮಾತು, ಬೇಡ ಕಣಕ್ಕ. ನನ್ನ ನೇಮ ಅಡ್ಡ ಬಂತು. "ವರದಿಯಲ್ಲಿ ಒಣಹವೆ ಅಂತ ಅದೆ ಕಣಕ್ಕ" ಎಂದೆ.

"ವರದಿ ಬುಡು, ನೀನೇನಂತೀಯ?"

"ನಾನೂ ಅದೇ ಅಕ್ಕ."

"ಸರಿ ಬುಡವ್ವ ಮತ್ತೆ" ಎಂದು ಇಟ್ಟಳು.

ಮಾರನೆಯ ಮಧ್ಯಾಹ್ನ ಶುರುವಾದ ಮಳೆ ಮೂರು ದಿನ ಬಿಡಲಿಲ್ಲ. ಕುಯ್ದು ಹರಡಿದ್ದ ರಾಗಿ ಕೆಸರಿನಲ್ಲಿ ನೆನೆಯಿತು. ಅಕ್ಕನದೊಂದೇ ಆಗಿದ್ದರೆ ನನ್ನ ಮನೆಯ ಪಾಡು ಎನ್ನಬಹುದಿತ್ತು. "ಮಂಗ್ಳ ಯೋಳವ್ಳೆ, ಮಳೆ ಇಲ್ವಂತೆ" ಎಂದು ಅವಳು ಅಕ್ಕಪಕ್ಕದ ಹೊಲದವರಿಗೆಲ್ಲ ಹೇಳಿದ್ದಳು. ಅವಳ ಮಾತು ನಂಬಿ, ಅಂದರೆ ನನ್ನ ಮಾತು ನಂಬಿ, ಅವರೂ ಕುಡುಗೋಲು ಹಿಡಿದಿದ್ದರು.

ಭಾನುವಾರ ಮಳವಳ್ಳಿ ಬಸ್ಸು ಹತ್ತಿ ಹೋದೆ. ಅಕ್ಕ ಹೊಲದಲ್ಲೇ ಇದ್ದಳು. ಒಂದು ಹಿಡಿ ತೆನೆ ಎತ್ತಿ ನನ್ನ ಕೈಗೆ ಕೊಟ್ಟಳು. ಕಾಳೆಲ್ಲ ಮೊಳೆತು ಬೆಳ್ಳಗಾಗಿದ್ದವು. ಬೈಗುಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವಳು ಬೈಯಲಿಲ್ಲ.

"ಒಂದ್ ಮಾತು ಕೇಳ್ತೀನಿ, ನಿಜ ಯೋಳು. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

ಅವಳು ತೆನೆಗಳನ್ನು ನನ್ನ ಕೈಯಿಂದ ವಾಪಸ್ಸು ತೆಗೆದುಕೊಂಡಳು. "ಗೊತ್ತಿಲ್ದೆ ಯೋಳಿದ್ರೆ ಏನೋ ಅನ್ಕಬೋದಿತ್ತು ಕಣವ್ವ" ಎಂದಳು. "ಬಾ, ಉಣ್ಣು ಬಾ." ಮುದ್ದೆ ಬಡಿಸಿದಳು, ಸಾರು ಬಿಟ್ಟಳು, ಬಸ್ಸಿಗೆ ಹೊತ್ತಾಯಿತು ಎಂದು ಕಳಿಸಿಯೂ ಕೊಟ್ಟಳು. ಮುಂದಿನ ವರ್ಷ ಕುಯ್ಲಿಗೆ ಮೊದಲು ಫೋನ್ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಹಬ್ಬಕ್ಕೆ ಕರೆಯುತ್ತಿದ್ದಳು, ಹುಷಾರಿಲ್ಲದಾಗ ಬಂದು ನೋಡುತ್ತಿದ್ದಳು, ಮಳೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಕಚೇರಿಯಲ್ಲಿ ಆ ಮಳೆಗೆ ಏನಾಯಿತು ಎಂದು ಕೇಳುತ್ತೀರಾ? ಏನೂ ಆಗಲಿಲ್ಲ. ಷರಾ ಕಾಲಂನಲ್ಲಿ "ಅನಿರೀಕ್ಷಿತ ಮಳೆ" ಎಂದು ಬರೆಯಲು ಹೇಳಿದರು. ಅನಿರೀಕ್ಷಿತ! ಮೂರು ವಿಮಾನಗಳು ನಿರೀಕ್ಷಿಸಿದ್ದವು, ನಾನು ನಿರೀಕ್ಷಿಸಿದ್ದೆ. ಆ ಪದ ಬರೆಯಲು ಆಗುವುದಿಲ್ಲ ಎಂದೆ. ಅಂಗಡಿಯಿಂದ ಒಂದು ಕೆಂಪು ಪೆನ್ನು ತಂದು, ಅಡಿಕೋಲು ಇಟ್ಟು, ನೀಲಿ ರಿಜಿಸ್ಟರಿನಲ್ಲಿ ಉಳಿದ ಅಷ್ಟೂ ಪುಟಗಳಿಗೆ ಒಂದೊಂದು ಗೆರೆ ಎಳೆದೆ. ತಲೆಯ ಮೇಲೆ "ವಿಮಾನ" ಎಂದು ಬರೆದೆ. ಮೊದಲ ಸಾಲಿನಲ್ಲಿ ಆ ದಿನದ ಒಂಬತ್ತು, ಹತ್ತು, ಹನ್ನೊಂದು ಗಂಟೆಯ ಲೆಕ್ಕ ತುಂಬಿದೆ. ಸರ್ಕಾರಿ ರಿಜಿಸ್ಟರನ್ನು ವಿರೂಪಗೊಳಿಸಿದ್ದಕ್ಕೆ ನನಗೆ ನೋಟಿಸು ಬಂತು. ಉತ್ತರದಲ್ಲಿ ಗೆರೆ ಎಳೆದದ್ದು ನಾನೇ, ಇನ್ನೂ ಎಳೆಯುತ್ತೇನೆ ಎಂದು ಬರೆದೆ. ರಂಗಸ್ವಾಮಿಯವರು ಕಲಿಸಿದ್ದು ಅಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು. ವಿಷಯ ಅಲ್ಲಿಗೇ ತಣ್ಣಗಾಯಿತು, ಕಾಲಂ ಉಳಿಯಿತು, ಮುಂದಿನ ರಿಜಿಸ್ಟರುಗಳಲ್ಲೂ ಆ ಗೆರೆ ಬಿತ್ತು.

ಆಮೇಲೆ ಕೊರೊನಾ ಬಂತು, ವಿಮಾನಗಳು ನಿಂತವು. ನಮ್ಮ ಮೇಲಿನ ಆಕಾಶ ಪೂರ್ತಿ ಮೂಕವಾಯಿತು. ದೊಡ್ಡ ಊರುಗಳ ದೊಡ್ಡ ಕಂಪ್ಯೂಟರುಗಳು ಕೂಡ ಈ ವಿಮಾನದ ಲೆಕ್ಕವನ್ನು ನುಂಗಿಯೇ ಮುನ್ಸೂಚನೆ ಕೊಡುತ್ತಿದ್ದವು, ಈಗ ಅವಕ್ಕೂ ಮೇವಿಲ್ಲ. ಮೇಲಿನಿಂದ ಸುತ್ತೋಲೆ ಬಂತು, ವಿಮಾನದ ಮಾಹಿತಿ ಕಡಿಮೆಯಾಗಿದೆ, ಮುನ್ಸೂಚನೆಯನ್ನು ಎಚ್ಚರಿಕೆಯಿಂದ ಬಳಸಿ ಎಂದು. ಇದ್ದಾಗ ಅದರ ಮೇಲೆ ವಡೆ ಇಟ್ಟವರಿಗೆ ಇಲ್ಲದಾಗ ಬೆಲೆ ಗೊತ್ತಾಯಿತು. ಅದಕ್ಕಿಂತ ಚೆಂದದ್ದು ಮುಂದಿದೆ. ಎಲ್ಲ ತಿಳಿಯಾದ ಮೇಲೆ ತಪಾಸಣೆಗೆ ಬಂದವರು ರಿಜಿಸ್ಟರು ತಿರುವಿ, "ಇಷ್ಟು ತಿಂಗಳು ವಿಮಾನದ ಕಾಲಂ ಯಾಕೆ ಖಾಲಿ? ಲಿಖಿತ ವಿವರಣೆ ಕೊಡಿ" ಎಂದರು. ಸಾಹೇಬರು ನನ್ನ ಮುಖ ನೋಡಿದರು. "ವಿಮಾನ ಹಾರಲಿಲ್ಲ" ಎಂದು ಎರಡು ಪದ ಬರೆದುಕೊಟ್ಟೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನಿವೃತ್ತಿಯಾಗಿ ಕೊಪ್ಪದಲ್ಲಿದ್ದೇನೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದರೆ ಕೆಲಸ ಮುಗಿಯಿತು. ಈಚೆಗೆ ಒಂದು ದಿನ ಹನ್ನೊಂದೂವರೆ ಹೊತ್ತಿಗೆ ಅಕ್ಕನ ಫೋನ್ ಬಂತು. ಎಷ್ಟೋ ವರ್ಷದ ಮೇಲೆ ಅದೇ ಪ್ರಶ್ನೆ.

"ಮಂಗ್ಳಾ, ನೀನೀಗ ಆಪೀಸ್ನಲ್ಲಿ ಇಲ್ವಲ್ಲ. ಈಗಾರ ನಿಜ ಯೋಳು. ರಾಗಿ ಕುಯ್ಸ್‌ಬುಡ್ಲಾ?"

ನನ್ನ ಹತ್ತಿರ ಈಗ ಏನಿದೆ? ಪರದೆಯಿಲ್ಲ, ಹಾಳೆಯಿಲ್ಲ. ಗೊತ್ತಿದ್ದಾಗ ಹೇಳಲಿಲ್ಲ, ಹೇಳಬಹುದಾದಾಗ ಗೊತ್ತಿಲ್ಲ. ನನ್ನ ಮೇಲೆ ನನಗೇ ರೇಗಿತು. "ಅರ್ಧ ಗಂಟೆ ತಡಿ ಅಕ್ಕ" ಎಂದು ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ಹೊಸಬಳು, ಆದರೂ ನನ್ನ ಹೆಸರು ಕೇಳಿ ಗೊತ್ತಿತ್ತು. ವರದಿ ಓದಿದಳು. "ಒಂದೆರಡು ಕಡೆ ಹಗುರ ಮಳೆಯ ಸಾಧ್ಯತೆ ಮೇಡಂ."

"ಹನ್ನೊಂದು ಗಂಟೆ ವಿಮಾನ ಏನು ಹೇಳ್ತದಮ್ಮ?"

"ಅದು ಸಂಜೆ ತುಂಬ್ತೀವಿ ಮೇಡಂ, ಕಾಲಂಗೆ."

ನನ್ನ ಕಾಲಂ! ನೋಟಿಸು ತಿಂದು ಎಳೆದ ಗೆರೆಯೊಳಗೆ ಸಂಜೆ ಕೂತು ಲೆಕ್ಕ ತುಂಬುತ್ತಾರಂತೆ, ವರದಿ ಹೋಗಿ ಆರು ಗಂಟೆಯಾದ ಮೇಲೆ. ತಪಾಸಣೆಗೆ ಬಂದವರು ಖಾಲಿ ಬಿಡಬೇಡಿ ಎಂದಿದ್ದರಲ್ಲ, ಅದಕ್ಕೆ. ನೋಡಿ ಬರೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಾಲಂ ಇದ್ದರೆ ಸಾಕು, ಓದುತ್ತಾರೆ ಎಂದು ನಾನೂ ನಂಬಿದ್ದೆ. ಆ ನಂಬಿಕೆಗೆ ಏನನ್ನಬೇಕು.

"ಈಗಲೇ ನೋಡಮ್ಮ. ನಾನು ಕಾಯ್ತೀನಿ" ಎಂದೆ. ಫೋನ್ ಇಡಲಿಲ್ಲ. ಕುರ್ಚಿ ಸರಿದ ಸದ್ದು, ಕೀಲಿಮಣೆಯ ಸದ್ದು ಕೇಳಿಸಿತು. ಸಂಖ್ಯೆಗಳನ್ನು ಒಂದೊಂದಾಗಿ ಓದತೊಡಗಿದಳು. ಓದುತ್ತ ಓದುತ್ತ ಅವಳ ದನಿಯೇ ಬದಲಾಯಿತು. "ಮೇಡಂ, ಗಾಳಿ ತಿರುಗಿದೆ. ಮೇಲಿನವರೆಗೂ."

"ನನಗೆ ಹೇಳಿ ಏನು ಬಂತು? ವರದಿ ಹಿಂದಕ್ಕೆ ತಗೊಂಡು ಹೊಸದು ಬರಿ. ಕೇಳಿದವರಿಗೆ, ತಪ್ಪಾಗಿತ್ತು, ತಿದ್ದಿದೀನಿ ಅಂತ ನಿನ್ನ ಹೆಸರು ಹೇಳು."

"ಸಾರ್ ಒಪ್ಪದಿದ್ರೆ ಮೇಡಂ?"

ಅದಕ್ಕೆ ಉತ್ತರ ನನಗೆ ಗೊತ್ತಿದ್ದರೆ ಇಷ್ಟುದ್ದ ಬರೆಯಬೇಕಾಗಿರಲಿಲ್ಲ. ಅವಳು ಬರೆದಳೋ, ಅವಳ ಸಾರ್ ಒಪ್ಪಿದರೋ ಎಂದು ತಿಳಿಯಲು ನಾನು ಕಾಯಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

"ಕುಯ್ಸಬ್ಯಾಡ ಅಕ್ಕ. ಆಳುಗಳಿಗೆ ಈಗಲೇ ಬ್ಯಾಡ ಅನ್ನು. ಅಕ್ಕಪಕ್ಕದ ಹೊಲದವರಿಗೂ ಹೇಳು. ನನ್ನ ಹೆಸರು ಹೇಳೇ ಹೇಳು."

"ವರದೀಲಿ ಅಂಗೇ ಅದಾ?"

"ಗೊತ್ತಿಲ್ಲ. ನಾನು ಹೇಳ್ತಿರೋದು."

"ಮಳೆ ಬರ್ದೇ ಓದ್ರೆ?"

"ಬರ್ದೇ ಹೋದ್ರೆ ನನ್ನ ಬಯ್ಯಿ."

"ಬಯ್ತೀನಿ ಬುಡು" ಎಂದಳು ಅಕ್ಕ. ಫೋನ್ ಇಡುವ ಮೊದಲೇ, ಅಂಗಳದಲ್ಲಿ ಯಾರನ್ನೋ ಕೂಗಿ ನನ್ನ ಹೆಸರು ಹೇಳುತ್ತಿರುವುದು ಕೇಳಿಸಿತು.